ಸೋಲ್ ಕ್ಯಾಂಪ್‌ಬೆಲ್ ಉಂಡ ಮನೆಗೆ ಎರಡು ಬಗೆದರಾ?

ನಾನು ಕಾಲೇಜಿನ ದಿನಗಳಿಂದಲೂ ಲಂಡನ್ನಿನ ಫುಟ್‌ಬಾಲ್ ಕ್ಲಬ್ ಟಾಟನ್‌ಹ್ಯಾಮ್‌ನ ಅಭಿಮಾನಿ. ಇದನ್ನು ಓದಿ ನಮ್ಮ ಗೆಳೆಯರ ಗುಂಪಿನಲ್ಲೇ ಕೆಲವರು ಬೈಯಬಹುದು. ಬೈಯಲಿ. ನಮ್ಮನ್ನು ಬಿಟ್ಟು ಬದ್ಧ ಎದುರಾಳಿ ಆರ್ಸೆನಲ್ ಸೇರಿದ ಕ್ಯಾಂಪ್‌ಬೆಲ್ ಮಾಡಿದ್ದು ದ್ರೋಹ ಅಂತ ನನಗೆ ಈಗ ಅನ್ನಿಸುವುದಿಲ್ಲ.

2001ರ ಜುಲೈ. ಆರ್ಸೆನಲ್‌ನವರು ಸುದ್ದಿಗೋಷ್ಠಿ ಕರೆದಿದ್ದರು. ಹೊಸ ಗೋಲ್‌ಕೀಪರ್ ರಿಚರ್ಡ್ ರೈಟ್ ಬರುತ್ತಾರೆ ಅಂದುಕೊಂಡು ಪತ್ರಕರ್ತರು ಕಾಯುತ್ತಾ ಕೂತಿದ್ದರು. ಬಂದಿದ್ದು ಕ್ಯಾಂಪ್‌ಬೆಲ್! ನಮ್ಮ ಕ್ಯಾಪ್ಟನ್!

ಇದರ ಬಿಸಿ ಗೊತ್ತಾಗಬೇಕಾದರೆ ಉತ್ತರ ಲಂಡನ್ ಗೊತ್ತಿರಬೇಕು. ಆಗ ಎರಡು ಕ್ಲಬ್‌ಗಳ ಮೈದಾನಗಳ ನಡುವೆ ಇದ್ದಿದ್ದು ಸುಮಾರು ಆರು ಕಿಲೋಮೀಟರ್. 1913ರಲ್ಲಿ ಆರ್ಸೆನಲ್ ಥೇಮ್ಸ್ ನದಿಯ ಆಚೆಯಿಂದ ಬಂದು ಟಾಟನ್‌ಹ್ಯಾಮ್‌ನ ಪಕ್ಕದಲ್ಲೇ ತಳ ಊರಿತು. ಜಿದ್ದು ಬಲಿತಿದ್ದು ಅಲ್ಲಿಂದ. ಒಂದೇ ಬೀದಿ, ಒಂದೇ ಆಫೀಸು. ಕೆಲವು ಕಡೆ ಒಂದೇ ಮನೆಯಲ್ಲೂ ಎರಡು ಪಕ್ಷ. ಭಾನುವಾರ ಸೋತರೆ ಸೋಮವಾರ ಬೆಳಗ್ಗೆ ಅವರ ಮುಖ ನೋಡಲೇಬೇಕು.

ಹಾಗಾಗಿ ಹೊಟ್ಟೆ ಉರಿದಿದ್ದು ನಿಜ. ನನಗೂ ಉರಿಯಿತು. ಹುಡುಗನಾಗಿದ್ದಾಗ ಕರೆತಂದು ಬೆಳೆಸಿದ ಕ್ಲಬ್. 1992ರಿಂದ 300ಕ್ಕೂ ಹೆಚ್ಚು ಪಂದ್ಯ ಆಡಿದವರು. ಅದರ ಮೇಲೆ ಒಪ್ಪಂದ ಬೇರೆ ಮುಗಿದಿತ್ತು. 1995ರಲ್ಲಿ ಯುರೋಪಿನ ನ್ಯಾಯಾಲಯದ ಬಾಸ್ಮನ್ ತೀರ್ಪು ಬಂದ ಮೇಲೆ ಒಪ್ಪಂದ ಮುಗಿದ ಆಟಗಾರ ಎಲ್ಲಿಗೆ ಬೇಕಾದರೂ ಹೋಗಬಹುದು, ಹಳೆಯ ಕ್ಲಬ್‌ಗೆ ದುಡ್ಡು ಬರುವುದಿಲ್ಲ. ನಮಗೆ ಒಂದು ಪೌಂಡ್ ಕೂಡ ಸಿಗಲಿಲ್ಲ.

ಆದರೆ ಇದಕ್ಕೂ ಮುಂಚೆ ಪ್ಯಾಟ್ ಜೆನ್ನಿಂಗ್ಸ್ ಆರ್ಸೆನಲ್‌ಗೆ ಹೋಗಿದ್ದರು ಅಲ್ವಾ? ನಮ್ಮ ಕ್ಲಬ್ ಕಂಡ ಅತ್ಯುತ್ತಮ ಗೋಲ್‌ಕೀಪರ್. 1977ರಲ್ಲಿ, ಇವರ ಕಾಲ ಮುಗೀತು ಅಂದುಕೊಂಡು ನಾವೇ ಅವರನ್ನು ಮಾರಿದೆವು. ಅವರು ಅಲ್ಲಿ ಇನ್ನೂ ಎಂಟು ವರ್ಷ ಆಡಿದರು. ಅವರನ್ನು ಯಾರೂ ದ್ರೋಹಿ ಅನ್ನಲಿಲ್ಲ. ಆರ್ಸೆನಲ್‌ನಲ್ಲಿ ಆಡಿ, ಅಲ್ಲೇ ಮ್ಯಾನೇಜರ್ ಆಗಿ ಲೀಗ್ ಗೆದ್ದ ಜಾರ್ಜ್ ಗ್ರಹಾಂ ಅವರನ್ನು 1998ರಲ್ಲಿ ನಮ್ಮ ಮ್ಯಾನೇಜರ್ ಮಾಡಿಕೊಂಡವರು ಯಾರು? ನಮ್ಮ ಕ್ಲಬ್ಬೇ. 1999ರಲ್ಲಿ ಕ್ಯಾಂಪ್‌ಬೆಲ್ ಲೀಗ್ ಕಪ್ ಎತ್ತಿದ್ದು ಅದೇ ಗ್ರಹಾಂ ಕೈಕೆಳಗೆ.

ಟೆಡ್ಡಿ ಶೆರಿಂಗ್‌ಹ್ಯಾಮ್ ವಿಷಯವಂತೂ ನನಗೆ ಮರೆಯುವುದಕ್ಕೇ ಆಗುವುದಿಲ್ಲ. ಕಪ್ ಗೆಲ್ಲಬೇಕು ಅಂತ 1997ರಲ್ಲಿ ನಮ್ಮನ್ನು ಬಿಟ್ಟು ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದರು. ಎಲ್ಲ ಗೆದ್ದುಕೊಂಡು 2001ರ ಅದೇ ಬೇಸಿಗೆಯಲ್ಲಿ ವಾಪಸ್ ಬಂದರು. ನಾವು ತೋಳು ಚಾಚಿ ಬರಮಾಡಿಕೊಂಡೆವು. ಕ್ಯಾಂಪ್‌ಬೆಲ್‌ಗೂ ಬೇಕಾಗಿದ್ದು ಅದೇ ಅಲ್ವಾ? ನಾವು ಕೊನೆಯ ಸಲ ಲೀಗ್ ಗೆದ್ದಿದ್ದು 1961ರಲ್ಲಿ. ಆರ್ಸೆನಲ್‌ಗೆ ಹೋದ ಮೊದಲ ವರ್ಷವೇ ಅವರಿಗೆ ಲೀಗ್, ಎಫ್‌ಎ ಕಪ್ ಎರಡೂ ಸಿಕ್ಕವು. 2003-04ರಲ್ಲಿ ಒಂದೂ ಲೀಗ್ ಪಂದ್ಯ ಸೋಲದ ತಂಡದಲ್ಲಿ ಅವರಿದ್ದರು. ಆ ಲೀಗ್ ಖಚಿತವಾಗಿದ್ದು ನಮ್ಮ ಮೈದಾನ ವೈಟ್ ಹಾರ್ಟ್ ಲೇನ್‌ನಲ್ಲೇ. ಅವತ್ತು ಟೀವಿ ಆಫ್ ಮಾಡಿ ಮಲಗಿದೆ, ನಿದ್ದೆ ಬರಲಿಲ್ಲ.

ಆ ನೋವು ಬೇರೆ. ನಮ್ಮವರು ನಡೆದುಕೊಂಡ ರೀತಿ ಬೇರೆ. 2001ರ ನವೆಂಬರ್‌ನಲ್ಲಿ ಅವರು ಆರ್ಸೆನಲ್ ಅಂಗಿ ತೊಟ್ಟು ನಮ್ಮ ಮೈದಾನಕ್ಕೆ ಬಂದಾಗ ಬಲೂನುಗಳ ಮೇಲೆ ಯೂದ ಅಂತ ಬರೆದಿದ್ದರು. ಏಸುವನ್ನು ಹಿಡಿದುಕೊಟ್ಟ ಯೂದ. ಕೂಗಲಿ, ಛೀಮಾರಿ ಹಾಕಲಿ, ಅದನ್ನೂ ಸಹಿಸಬಹುದು. ಆದರೆ ಏಳು ವರ್ಷ ಕಳೆದು ಅವರು ಪೋರ್ಟ್ಸ್‌ಮತ್‌ಗೆ ಆಡುತ್ತಿದ್ದಾಗಲೂ ನಮ್ಮ ಗ್ಯಾಲರಿಯಿಂದ ಬಂದ ಹಾಡು ಎಷ್ಟು ಹೊಲಸಾಗಿತ್ತು ಅಂದರೆ ಪೊಲೀಸರು ಕೇಸು ಹಾಕಬೇಕಾಯಿತು. ಅದರ ಸಾಲುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಆ ಮನುಷ್ಯ ಮಾಡಿದ್ದು ಇಷ್ಟೇ: ಒಪ್ಪಂದ ಮುಗಿಯುವವರೆಗೂ ನಮಗೆ ಆಡಿ, ಆಮೇಲೆ ಬೇರೆ ಕಡೆ ಕೆಲಸಕ್ಕೆ ಸೇರಿದರು.

ಮೊನ್ನೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಹುಡುಗ ಅದೇ ಹಾಡಿನ ವಿಡಿಯೋ ಹಾಕಿದ್ದ. 2001ರಲ್ಲಿ ಅವನು ಹುಟ್ಟಿರಲೂ ಇಲ್ಲ. 'ತೆಗೆದುಬಿಡಪ್ಪ' ಅಂದೆ. 'ಯಾಕಣ್ಣ, ಅವನು ಆರ್ಸೆನಲ್‌ಗೆ ಹೋದವನಲ್ವಾ?' ಅಂತ ಕೇಳಿದ. ಅವನಿಗೆ ಜೆನ್ನಿಂಗ್ಸ್ ಹೆಸರೇ ಗೊತ್ತಿರಲಿಲ್ಲ. ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದೆ. ರಾತ್ರಿ ನೋಡಿದರೆ ವಿಡಿಯೋ ಇರಲಿಲ್ಲ.