ತಾಲೂಕಿಗೊಬ್ಬ ಚಾಣಕ್ಯ

ನಮ್ಮ ಉತ್ತರ ಕನ್ನಡದಲ್ಲಿ 12 ತಾಲೂಕು. ಸೀರಿಯಸ್ ಕೇಸ್ ಅಂದ್ರೆ ಈಗಲೂ ಆಂಬುಲೆನ್ಸ್ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಓಡ್ಬೇಕು, ಮಳೆಗಾಲ ಬಂತು ಅಂದ್ರೆ ಯಾವ ಘಟ್ಟ ಓಪನ್ ಯಾವ ಘಟ್ಟ ಬಂದ್ ಅಂತ ವಾಟ್ಸಾಪ್ ಗ್ರೂಪಲ್ಲಿ ಕೇಳ್ಕೊಂಡೇ ಮನೆ ಬಿಡ್ಬೇಕು, ಆದ್ರೆ ಒಂದು ವಿಷಯದಲ್ಲಿ ಮಾತ್ರ ಜಿಲ್ಲೆ ಪೂರ್ತಿ ಸ್ವಾವಲಂಬಿ. ಚಾಣಕ್ಯರಿಗೆ ಬರ ಇಲ್ಲ. ಶಿರಸಿ ಐದು ರಸ್ತೆ ಸರ್ಕಲ್ಲಲ್ಲಿ ನಿಂತು ಕತ್ತೆತ್ತಿದ್ರೆ ಫ್ಲೆಕ್ಸಲ್ಲಿ "ಘಟ್ಟದ ಮೇಲಿನ ಚಾಣಕ್ಯ"ರಿಗೆ ಹುಟ್ಟುಹಬ್ಬದ ಶುಭಾಶಯ, ಕುಮಟಾಕ್ಕೆ ಇಳಿದ್ರೆ "ಕರಾವಳಿಯ ಚಾಣಕ್ಯ", ಕಾರವಾರದಲ್ಲಿ "ಯುವ ಚಾಣಕ್ಯ", ಮಧ್ಯದಲ್ಲಿ ಎಲ್ಲೋ ಒಂದು ಅಡಿಕೆ ಗೋಡೌನ್ ಗೋಡೆ ಮೇಲೆ "ಸಹಕಾರಿ ಕ್ಷೇತ್ರದ ಚಾಣಕ್ಯ". ಅಷ್ಟು ದೊಡ್ಡ ಮಗಧಕ್ಕೆ ಒಬ್ಬ ಸಾಕಾಗಿದ್ದ ಪಾಪ.

ಈ ಬಿರುದಿಗೆ ಅರ್ಹತೆ ಏನು ಅಂತೀರಾ? ಸಂಘದ ಅಧ್ಯಕ್ಷರ ಆಯ್ಕೆಗೆ ಮುಂಚಿನ ರಾತ್ರಿ ಎದುರು ಬಣದ ಮೂರು ಡೈರೆಕ್ಟರುಗಳನ್ನ ಕಾರಲ್ಲಿ ತುಂಬ್ಕೊಂಡು ಹೋಗಿ ಗೋವಾದ ರೆಸಾರ್ಟಲ್ಲಿ ಇಟ್ಟು, ಅವರ ಮೊಬೈಲೆಲ್ಲ ಇಸ್ಕೊಂಡು, ಮರುದಿನ ವೋಟಿಂಗ್ ಹೊತ್ತಿಗೆ ಕರೆಕ್ಟಾಗಿ ತಂದು ಇಳಿಸಿದ್ರೆ ಆಯ್ತು. ನಾಳೆ ಪೇಪರಲ್ಲಿ "ಫಲಿಸಿದ ಚಾಣಕ್ಯ ತಂತ್ರ" ಅಂತ ಹೆಡ್ಡಿಂಗ್. ವಿಧಾನಸೌಧದ ಲೆವೆಲ್ಲಿಗೆ ಹೋದ್ರೆ ಕಾರಿನ ಬದಲು ವಿಮಾನ ಅಷ್ಟೇ, ಹೆಡ್ಡಿಂಗ್ ಅದೇ.

ಈಗ ಇದೇ ವಿಷಯಕ್ಕೆ ಆ ಪುಣ್ಯಾತ್ಮನ ಪುಸ್ತಕದಲ್ಲಿ ಏನಿದೆ ಅಂತ ನೋಡಿದ್ರೆ ನಗು ತಡ್ಕೊಳ್ಳೋಕಾಗಲ್ಲ. ಅರ್ಥಶಾಸ್ತ್ರದ ಮೊದಲ ಅಧಿಕರಣದಲ್ಲೇ, ಅಂದ್ರೆ ಮೊದಲ ಭಾಗದಲ್ಲೇ, ಮಂತ್ರಿಗಳನ್ನ ಪರೀಕ್ಷೆ ಮಾಡೋ ವಿಧಾನ ಬರ್ತದೆ, ಉಪಧಾ ಅಂತ ಹೆಸರು, ಧರ್ಮ, ಅರ್ಥ, ಕಾಮ, ಭಯ ಅಂತ ನಾಲ್ಕು ಥರ. ಅದರಲ್ಲಿ ಅರ್ಥದ ಪರೀಕ್ಷೆ ಹೀಗೆ: ಕೆಲಸದಿಂದ ತೆಗೆದು ಹಾಕಿದ ಹಾಗೆ ನಾಟಕ ಆಡಿದ ಸೇನಾಪತಿ ಒಬ್ಬ ಗುಪ್ತಚರರ ಮೂಲಕ ಒಬ್ಬೊಬ್ಬ ಮಂತ್ರಿಗೂ ದುಡ್ಡಿನ ಆಸೆ ತೋರಿಸ್ತಾನೆ, ರಾಜನ್ನ ಇಳಿಸೋಣ ಬಾ, ಉಳಿದವರೆಲ್ಲ ಒಪ್ಪಿಯಾಗಿದೆ, ನಿಂದೇನು ಅಂತ. ಯಾರು ಬೇಡ ಅಂತಾನೋ ಅವನು ಪಾಸು, ಅವನಿಗೇ ಕಂದಾಯ ಮತ್ತು ಖಜಾನೆ ಕೊಡು ಅಂತಾನೆ ಕೌಟಿಲ್ಯ, ಚಾಣಕ್ಯನ ಇನ್ನೊಂದು ಹೆಸರು ಅದು. ಅಂದ್ರೆ ನಾವು ಯಾವುದನ್ನ ಚಾಣಕ್ಯ ತಂತ್ರ ಅಂತ ಹಾರ ಹಾಕ್ತಾ ಇದೀವೋ ಅದು ಆ ಪುಸ್ತಕದಲ್ಲಿ ಯಾರಿಗೆ ಹುದ್ದೆ ಕೊಡಬಾರದು ಅಂತ ಹುಡುಕೋ ಎಕ್ಸಾಮು. ನಮ್ಮವರು ಕ್ವೆಶ್ಚನ್ ಪೇಪರನ್ನೇ ಕ್ಯಾಶ್ ಮಾಡ್ಕೊಂಡು ಬಂದಿದಾರೆ.

ಇನ್ನೂ ಮಜಾ ಮುಂದಿದೆ. ನಾಲ್ಕೂ ಪರೀಕ್ಷೆಯಲ್ಲಿ ಫೇಲ್ ಆದವರನ್ನ ಏನ್ಮಾಡ್ಬೇಕು? ಗಣಿಗೆ, ಮರಮುಟ್ಟಿನ ಕಾಡಿಗೆ, ಆನೆ ಕಾಡಿಗೆ, ಕಾರ್ಖಾನೆ ಕೆಲಸಕ್ಕೆ ಹಾಕು ಅಂತಾನೆ. ಇದೊಂದು ಸೂತ್ರ ಮಾತ್ರ ನಮ್ಮಲ್ಲಿ ಯಾರೂ ಓದದೇನೂ ಜಾರಿಯಾದ ಹಾಗೆ ಕಾಣ್ತದೆ. 2010ರಲ್ಲಿ ಬೇಲೇಕೇರಿ ಬಂದರಲ್ಲಿ ಸೀಜ್ ಮಾಡಿಟ್ಟ ಅದಿರು ತಾನೇ ಕಾಲು ಬಂದವರ ಹಾಗೆ ಹಡಗು ಹತ್ತಿ ಹೋಗಿದ್ದನ್ನ ಇಡೀ ದೇಶ ಪೇಪರಲ್ಲಿ ಓದಿದೆ, ನಾನು ಹೊಸದಾಗಿ ಹೇಳೋದೇನಿಲ್ಲ.

ಹಾಗಂತ ಈ ಪುಸ್ತಕ ಎಲ್ಲೋ ದೂರದ್ದು, ಸಿಗಲ್ಲ ಅನ್ನೋ ಹಾಗಿಲ್ಲ. ಶತಮಾನಗಟ್ಟಲೆ ಹೆಸರು ಮಾತ್ರ ಕೇಳ್ತಿದ್ದ ಗ್ರಂಥ ಅದು, ಅಲ್ಲಿ ಇಲ್ಲಿ ಉಲ್ಲೇಖ ಬಿಟ್ರೆ ಪೂರ್ತಿ ಪಠ್ಯ ನೋಡಿದವರಿರ್ಲಿಲ್ಲ. 1905ರ ಹೊತ್ತಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ತಾಳೆಗರಿ ಕಟ್ಟನ್ನ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂದುಕೊಟ್ರು, ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಕೂತು ಓದಿ 1909ರಲ್ಲಿ ಸಂಸ್ಕೃತ ಪಠ್ಯ ಅಚ್ಚು ಹಾಕಿಸಿದ್ರು, 1915ರಲ್ಲಿ ಇಂಗ್ಲಿಷ್ ಅನುವಾದ ಕೊಟ್ರು. 1919ಕ್ಕೆಲ್ಲ ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ತನ್ನ ಮ್ಯೂನಿಕ್ ಭಾಷಣದ ಪುಸ್ತಕದಲ್ಲಿ, ಇದರ ಎದುರಿಗೆ ಕುಟಿಲ ರಾಜಕೀಯಕ್ಕೆ ಹೆಸರಾದ ಇಟಲಿಯ ಲೇಖಕ ಮೆಕಿಯಾವೆಲ್ಲಿ ಏನೂ ಅಲ್ಲ, ಪಾಪದವನು ಅನ್ನೋ ಅರ್ಥದಲ್ಲಿ ಬರೆದಾಗಿತ್ತು. ಮೈಸೂರಿಂದ ಮ್ಯೂನಿಕ್ಕಿಗೆ ಹತ್ತು ವರ್ಷ. ಮೈಸೂರಿಂದ ಶಿರಸಿಗೆ ನೂರು ವರ್ಷ ಕಳೆದ್ರೂ ಬಂದು ಮುಟ್ಟಿಲ್ಲ, ಬಹುಶಃ ದೇವಿಮನೆ ಘಟ್ಟದಲ್ಲಿ ರಸ್ತೆ ಕೆಲಸ ಅಂತ ನಿಲ್ಲಿಸಿರಬೇಕು.

ಬಂದಿದ್ದು ಯಾವ್ದು ಅಂದ್ರೆ ಗುಡ್ ಮಾರ್ನಿಂಗ್ ಚಾಣಕ್ಯ. ಸೂರ್ಯೋದಯದ ಫೋಟೋ, ಮೂಲೆಯಲ್ಲಿ ಜುಟ್ಟು ಬಿಚ್ಚಿದ ಒಬ್ಬ ಸಿಟ್ಟಿನ ಮನುಷ್ಯ, "ಹಾವು, ಹೆಂಡತಿ, ಮತ್ತು ಹಳೇ ಸ್ನೇಹಿತ, ಈ ಮೂವರನ್ನ ನಂಬಬೇಡಿ" ಅನ್ನೋ ಥರದ್ದು ಏನೋ ಒಂದು. ಇದನ್ನ ಫಾರ್ವರ್ಡ್ ಮಾಡಿದವರು ಹೆಂಡತಿ ಮಾಡಿದ ದೋಸೆ ತಿಂತಾನೇ ಫಾರ್ವರ್ಡ್ ಮಾಡಿರ್ತಾರೆ. ಜುಟ್ಟಿನ ಶಪಥ ಬಂದಿದ್ದು ನಾಟಕ ಮತ್ತು ಕಥೆಗಳಿಂದ, ಚಾಣಕ್ಯ ನೀತಿ ಅಂತ ಓಡಾಡೋ ಶ್ಲೋಕಗಳು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಜನ ಸೇರಿಸ್ತಾ ಹೋದ ಗಂಟು. ಅರ್ಥಶಾಸ್ತ್ರದಲ್ಲಿ ಚಂದ್ರಗುಪ್ತ ಮೌರ್ಯನ ಹೆಸರೂ ಇಲ್ಲ, ಪಾಟಲಿಪುತ್ರದ ಹೆಸರೂ ಇಲ್ಲ, ಅದು ಒಬ್ಬನೇ ಬರೆದಿದ್ದಾ ಅಲ್ವಾ, ಯಾವ ಶತಮಾನದ್ದು ಅಂತ ವಿದ್ವಾಂಸರು ಇವತ್ತಿಗೂ ಜಗಳ ಆಡ್ತಾರೆ. ನಮ್ಮ ಗ್ರೂಪ್ ಅಡ್ಮಿನ್ನಿಗೆ ಮಾತ್ರ ಡೌಟೇ ಇಲ್ಲ.

ನಮ್ಮೂರ ಕಡೆ ತಾಳಮದ್ದಲೆಯಲ್ಲಿ, ಅಂದ್ರೆ ವೇಷ ಇಲ್ದೆ ಕೂತು ಮಾತಲ್ಲೇ ನಡೆಸೋ ಯಕ್ಷಗಾನದಲ್ಲಿ, ಅರ್ಥ ಹೇಳೋ ಹಿರಿಯರೊಬ್ಬರ ಹತ್ರ ಒಂದ್ಸಲ ಇಂಥದ್ದೊಂದು ನುಡಿಮುತ್ತು ತೋರಿಸಿದೆ. ಅವರು ಕನ್ನಡಕ ಏರಿಸಿ ಓದಿ ಕೇಳಿದ್ದು ಒಂದೇ, "ತಮಾ, ಇದು ಯಾವ ಪ್ರಸಂಗದ್ದು? ಅಂವ ಯಾರ ಎದುರಿಗೆ ಕೂತ್ಗಂಡು ಹೇಳಿದ್ದು?" ನನ್ನ ಹತ್ರ ಉತ್ತರ ಎಲ್ಲಿಂದ ಬರ್ಬೇಕು, ಆ ಇಮೇಜಲ್ಲಿ ಬರೀ ಗುಲಾಬಿ ಹೂ ಇತ್ತು. ಅವರ ಲೆಕ್ಕ ಬಹಳ ಸರಳ, ವಾಲಿವಧೆಯಲ್ಲಿ ಬಿದ್ದ ವಾಲಿ ರಾಮನಿಗೆ ಹೇಳೋ ಮಾತನ್ನ ತಗೊಂಡು ಹೋಗಿ ಕೃಷ್ಣಸಂಧಾನದಲ್ಲಿ ಕೌರವನ ಬಾಯಲ್ಲಿ ಇಟ್ರೆ ಭಾಗವತರು ಜಾಗಟೆ ಕೆಳಗಿಟ್ಟು ಎದ್ದು ಹೋಗ್ತಾರೆ, ಮಾತು ಚೆನ್ನಾಗಿದ್ರೇನು, ಎದುರಿಗೆ ಯಾರು, ಅವರು ಈಗಷ್ಟೇ ಏನು ಹೇಳಿದ್ರು, ಇದು ಯಾವುದಕ್ಕೆ ಉತ್ತರ, ಅದಿಲ್ದೆ ಅರ್ಥಗಾರಿಕೆಯೇ ಇಲ್ಲ. ಕೇಂಬ್ರಿಡ್ಜಿನ ಕ್ವೆಂಟಿನ್ ಸ್ಕಿನ್ನರ್ ಅಂತ ಒಬ್ರು 1969ರಲ್ಲಿ ದೊಡ್ಡ ಲೇಖನ ಬರೆದು, ಹಳೇ ರಾಜಕೀಯ ಗ್ರಂಥ ಓದುವಾಗ ಅದರಲ್ಲಿ ಏನಿದೆ ಅಂತ ಮಾತ್ರ ನೋಡಿದ್ರೆ ಸಾಲದು, ಬರೆದವನು ಅದನ್ನ ಬರೆದು ಆ ಕಾಲದ ಜಗಳದಲ್ಲಿ ಏನು ಮಾಡ್ತಾ ಇದ್ದ ಅಂತ ಕೇಳ್ಬೇಕು ಅಂದ್ರು, ಪ್ರಪಂಚದ ಯೂನಿವರ್ಸಿಟಿಗಳೆಲ್ಲ ಹೌದಲ್ಲ ಅಂದವು. ನಮ್ಮಲ್ಲಿ ಅದನ್ನ ರಾತ್ರಿ ಹತ್ತರಿಂದ ಬೆಳಗಿನ ತನಕ ಎಲೆ ಅಡಿಕೆ ಕವಳ ಹಾಕ್ಕೊಂಡು ಕೂತು ಮಾಡೋರು ಇದ್ದಾರೆ. ಆದ್ರೆ ಸಭೆಗೆ ನಿರೂಪಣೆ ಮಾಡೋಕೆ ಅವರನ್ನ ಕರೆಯಲ್ಲ.

ಕರೆಯೋದು ಡೈರಿ ಇಟ್ಕೊಂಡ ನಿರೂಪಕರನ್ನ. ಆ ಡೈರಿಯಲ್ಲಿ ಪ್ಲೇಟೋ, ವಿವೇಕಾನಂದ, ಅಬ್ದುಲ್ ಕಲಾಂ, ಬಸವಣ್ಣ ಎಲ್ಲ ಒಂದೇ ಪೇಜಲ್ಲಿ ಅಕ್ಕಪಕ್ಕ ಮಲಗಿರ್ತಾರೆ. "ನಿನ್ನ ಮಾತು ನಾನು ಒಪ್ಪದಿದ್ರೂ ಅದನ್ನ ಹೇಳೋ ನಿನ್ನ ಹಕ್ಕಿಗಾಗಿ ಪ್ರಾಣ ಕೊಡ್ತೇನೆ ಅಂತ ವೋಲ್ಟೇರ್ ಹೇಳಿದ ಹಾಗೆ" ಅಂತ ಶುರು ಮಾಡ್ತಾರೆ, ಆ ವಾಕ್ಯ ಬರೆದಿದ್ದು ವೋಲ್ಟೇರ್ ಸತ್ತು ನೂರಿಪ್ಪತ್ತು ವರ್ಷದ ಮೇಲೆ, 1906ರಲ್ಲಿ, ಎವೆಲಿನ್ ಬಿಯಾಟ್ರಿಸ್ ಹಾಲ್ ಅನ್ನೋ ಲೇಖಕಿ. ಮತ್ತೆ ಅದೇ ಸಭೆಯಲ್ಲಿ ಪ್ರೇಕ್ಷಕರೊಬ್ಬರು ಎದ್ದು ಕುಡಿಯೋ ನೀರಿನ ಬಗ್ಗೆ ಕೇಳಿದ್ರೆ ಪ್ರಾಣ ಕೊಡೋದಿರ್ಲಿ, ಮೈಕೂ ಕೊಡಲ್ಲ.

ಮೆಕಿಯಾವೆಲ್ಲಿಗೂ ಇದೇ ಗತಿ. "ಗುರಿ ಸರಿಯಿದ್ರೆ ದಾರಿ ಹೇಗಿದ್ರೂ ನಡೀತದೆ" ಅನ್ನೋದನ್ನ ಅವನ ತಲೆಗೆ ಕಟ್ಟಿದಾರೆ, ಅವನ ಪುಸ್ತಕ 'ಪ್ರಿನ್ಸ್'ನಲ್ಲಿ ಆ ವಾಕ್ಯ ಇಲ್ಲ. ಅವನ ಕಥೆ ಕೇಳಿದ್ರೆ ನಮ್ಮ ಕಡೆ ಯಾರಿಗಾದ್ರೂ ಅಯ್ಯೋ ಅನ್ಸತ್ತೆ. ಫ್ಲಾರೆನ್ಸಿನ ಗಣರಾಜ್ಯದಲ್ಲಿ ಹದಿನಾಲ್ಕು ವರ್ಷ ಆಫೀಸರ್ ಆಗಿದ್ದವನು, 1512ರಲ್ಲಿ ಮೆಡಿಚಿ ಮನೆತನ ವಾಪಸ್ ಬಂದಿದ್ದೇ ತಡ ಕೆಲಸ ಹೋಯ್ತು, ಮರುವರ್ಷ ಪಿತೂರಿ ಕೇಸಲ್ಲಿ ಹಿಡಿದು ಕೈ ಹಿಂದೆ ಕಟ್ಟಿ ಹಗ್ಗದಲ್ಲಿ ಎತ್ತಿ ಕೆಡವಿದ್ರು, ಬಿಟ್ಟ ಮೇಲೆ ಊರಾಚೆಯ ತೋಟದ ಮನೆ ಸೇರಿದ. ಹಗಲು ಹಕ್ಕಿ ಹಿಡಿಯೋದು, ಸೌದೆ ವ್ಯಾಪಾರದ ಜಗಳ, ಮಧ್ಯಾಹ್ನ ರಸ್ತೆ ಬದಿ ಹೋಟೆಲಲ್ಲಿ ಕಟುಕನ ಜೊತೆ ಹಿಟ್ಟಿನ ಗಿರಣಿಯವನ ಜೊತೆ ಇಸ್ಪೀಟು. ಸಂಜೆ ಕೆಸರು ಬಟ್ಟೆ ಬಿಚ್ಚಿ, ದರ್ಬಾರಿನ ಡ್ರೆಸ್ ಹಾಕ್ಕೊಂಡು, ಒಬ್ನೇ ಕೂತು ಹಳೇ ರೋಮಿನವರ ಪುಸ್ತಕ ಓದೋದು. ಇದನ್ನೆಲ್ಲ ಅವನೇ 1513ರ ಡಿಸೆಂಬರಲ್ಲಿ ಸ್ನೇಹಿತನಿಗೆ ಕಾಗದ ಬರೆದು ಹೇಳ್ಕೊಂಡಿದಾನೆ. 'ಪ್ರಿನ್ಸ್' ಪುಸ್ತಕವನ್ನ ಅರ್ಪಣೆ ಮಾಡಿದ್ದು ಯಾರಿಗೆ, ತನ್ನನ್ನ ಮನೆಗೆ ಕಳಿಸಿದ ಅದೇ ಮೆಡಿಚಿಗಳಿಗೆ! ಅಂದ್ರೆ ಸಸ್ಪೆಂಡ್ ಆದ ನೌಕರ ಕೊಟ್ಟ ಕೆಲಸದ ಅರ್ಜಿ ಅದು, ಐನೂರು ವರ್ಷದಿಂದ ಜನ ಅದನ್ನ ಸೈತಾನನ ಡೈರಿ ಅಂತ ಓದ್ತಾ ಇದಾರೆ. ಅರ್ಜಿಗೆ ಆಗ ಉತ್ತರ ಬರ್ಲಿಲ್ಲ ಅನ್ನೋದು ನಮ್ಮ ಸರ್ಕಾರಿ ಕಚೇರಿ ಗೊತ್ತಿರೋರಿಗೆ ಹೊಸ ವಿಷಯ ಅಲ್ಲ.

ಅಂಕೋಲಾ ಕಡೆ ಇನ್ನೊಂದು ಥರ. ಅಲ್ಲಿ ಸ್ವಾತಂತ್ರ್ಯ ದಿನಕ್ಕೆ ಒಂದೇ ಫ್ಲೆಕ್ಸಲ್ಲಿ ಗಾಂಧೀಜಿ ಎಡಗಡೆ, ಚಾಣಕ್ಯ ಬಲಗಡೆ, ನಡುವೆ ಕೈ ಮುಗಿದ ನಾಯಕರು. 1930ರ ಏಪ್ರಿಲಲ್ಲಿ ಅಂಕೋಲೆಯ ಜನ ಸಮುದ್ರದ ನೀರು ಕಾಸಿ ಉಪ್ಪು ಮಾಡಿ ಬ್ರಿಟಿಷ್ ಕಾನೂನು ಮುರಿದ್ರು, ಕರ್ನಾಟಕದ ಬಾರ್ಡೋಲಿ ಅಂತ ಹೆಸರು ತಗೊಂಡ್ರು. ಅರ್ಥಶಾಸ್ತ್ರ ತೆಗೆದು ನೋಡಿ, ಎರಡನೇ ಅಧಿಕರಣದಲ್ಲಿ ಲವಣಾಧ್ಯಕ್ಷ ಅಂತ ಒಬ್ಬ ಆಫೀಸರೇ ಇದಾನೆ, ಪರವಾನಗಿ ಇಲ್ದೆ ಉಪ್ಪಿನಲ್ಲಿ ಬದುಕೋವನಿಗೆ ಅತಿ ದೊಡ್ಡ ದಂಡ, ವಾನಪ್ರಸ್ಥರಿಗೆ ಮಾತ್ರ ವಿನಾಯ್ತಿ. ಅಂದ್ರೆ ಎಡಗಡೆಯವರು ಮಾಡಿದ ಕೆಲಸಕ್ಕೆ ಬಲಗಡೆಯವರು ದಂಡ ಹಾಕ್ತಾ ಇದ್ರು, ನಡುವೆ ಕೈ ಮುಗಿದವರಿಗೆ ಎರಡೂ ಕಡೆ ವೋಟು. ಹಾಗಂತ ಕೌಟಿಲ್ಯನ್ನ ಬ್ರಿಟಿಷರ ಜೊತೆ ಸೇರಿಸೋಕೂ ಹೋಗ್ಬೇಡಿ, ಅವನ ತಲೆಬಿಸಿ ಬೇರೆ, ರಾಜನ ಖಜಾನೆ ತುಂಬ್ಬೇಕು, ಸುತ್ತ ಎಲ್ಲ ಶತ್ರು ರಾಜ್ಯ, ಗಣಿ ಉಪ್ಪು ಹೆಂಡ ಎಲ್ಲದರ ಮೇಲೂ ಕಣ್ಣಿಡ್ಬೇಕು. ಆ ತಲೆಬಿಸಿಯಲ್ಲೇ ಅವನು ಬಂದರಿನ ಬಗ್ಗೆ ಬರೀತಾ, ಬಿರುಗಾಳಿಗೆ ಸಿಕ್ಕಿ ಬಂದ ದೋಣಿಯನ್ನ ತಂದೆಯ ಹಾಗೆ ಕಾಪಾಡು ಅಂತಾನೆ, ನೀರು ತಾಗಿ ಹಾಳಾದ ಸರಕಿಗೆ ಸುಂಕ ಬಿಡು ಅಥವಾ ಅರ್ಧ ಮಾಡು ಅಂತಾನೆ. ಇದನ್ನ ಮಾತ್ರ ಯಾವ ಮೀನುಗಾರಿಕೆ ಬಂದರಲ್ಲೂ ಫ್ಲೆಕ್ಸ್ ಮಾಡಿ ಹಾಕಿದ್ದು ನಾ ಕಂಡಿಲ್ಲ. ರಸ್ತೆ ಮೇಲೆ ಮಣ್ಣು ಸುರಿದವನಿಗೆ ಎಂಟನೇ ಒಂದು ಪಣ (ಆ ಕಾಲದ ನಾಣ್ಯ) ದಂಡ, ಕೆಸರು ನೀರು ನಿಲ್ಲಿಸಿದ್ರೆ ಕಾಲು ಪಣ, ಅದೂ ಇದೆ. ಕುಮಟಾ ಶಿರಸಿ ರಸ್ತೆಗೆ ಇದನ್ನ ಲೆಕ್ಕ ಹಾಕಿದ್ರೆ ಜಿಲ್ಲೆಗೆ ಎರಡು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಆಗ್ತಿತ್ತು.

ಸರ್ಕಾರಿ ದುಡ್ಡು ಹೊಡೆಯೋಕೆ 40 ದಾರಿ ಅಂತ ಅರ್ಥಶಾಸ್ತ್ರದಲ್ಲೇ ಒಂದು ಪಟ್ಟಿ ಇದೆ. ಬಿಲ್ ಸೆಕ್ಷನ್ನಲ್ಲಿ ರಿಟೈರ್ ಆದ ಪರಿಚಯದವರೊಬ್ಬರಿಗೆ ಓದಿ ಹೇಳಿದೆ. ಮೊದಲು ಬಂದಿದ್ದನ್ನ ಆಮೇಲೆ ಬರೆಯೋದು ಅಂದೆ, "ಹ್ಞಾಂ" ಅಂದ್ರು. ಆಮೇಲೆ ಬಂದಿದ್ದನ್ನ ಮೊದಲೇ ಬರೆಯೋದು ಅಂದೆ, "ಮಾರ್ಚ್ ಎಂಡು" ಅಂದ್ರು. ಆಗದೇ ಇದ್ದಿದ್ದನ್ನ ಆಗಿದೆ ಅಂತ ತೋರಿಸೋದು, ಸ್ವಲ್ಪ ಆಗಿದ್ದನ್ನ ಬಹಳ ಅಂತ ಬರೆಯೋದು, ಒಂದು ಬಂದಿದ್ದಕ್ಕೆ ಇನ್ನೊಂದು ಅಂತ ತೋರಿಸೋದು ಅಂತ ಓದ್ತಾ ಹೋದ ಹಾಗೆ ಅವರ ಮುಖದಲ್ಲಿ ಹಳೇ ಕಲೀಗುಗಳ ಹೆಸರು ಒಂದೊಂದೇ ಹಾದು ಹೋಗೋದು ಕಾಣ್ತಿತ್ತು. ಕೊನೆಗೆ "ಅಲ್ರೀ, ಅಂವ ಯಾವ ಡಿಪಾರ್ಟ್ಮೆಂಟಲ್ಲಿದ್ದ?" ಅಂತ ಕೇಳಿದ್ರು. ನನಗೆ ಗೊತ್ತಿರೋ ಮಟ್ಟಿಗೆ ಕೌಟಿಲ್ಯನ ಬಗ್ಗೆ ಜಿಲ್ಲೆಯಲ್ಲಿ ಯಾರಾದ್ರೂ ಕೇಳಿದ ಸರಿಯಾದ ಪ್ರಶ್ನೆ ಅದೊಂದೇ.

ಮೊನ್ನೆ ಹೀಗೇ ಒಬ್ಬ ಕರಾವಳಿ ಚಾಣಕ್ಯರಿಗೆ ಅಭಿನಂದನೆ ಇತ್ತು. ಸಂಘಟಕರು ಫೋನ್ ಮಾಡಿ, ಸರ್ ಆಮಂತ್ರಣ ಪತ್ರಿಕೆಗೆ ಚಾಣಕ್ಯಂದು ಒರಿಜಿನಲ್ ಆಗಿರೋ ಒಂದು ಸಾಲು ಬೇಕು, ಗೂಗಲ್ದು ಬೇಡ ಅಂದ್ರು. ಕೊಟ್ಟೆ. ಎರಡನೇ ಅಧಿಕರಣ, ಒಂಬತ್ತನೇ ಅಧ್ಯಾಯ, ಸರ್ಕಾರಿ ಹಣ ನುಂಗೋ ಅಧಿಕಾರಿಗಳ ಬಗ್ಗೆ ಬರೆದಿದ್ದು: "ನೀರೊಳಗೆ ಈಜುವ ಮೀನು ಯಾವಾಗ ನೀರು ಕುಡಿಯಿತೆಂದು ಹೇಗೆ ತಿಳಿಯದೋ ಹಾಗೆ." ಮುಂದಿನ ಅರ್ಧ ಕಾರ್ಡಲ್ಲಿ ಜಾಗ ಇಲ್ಲ ಅಂತ ಅವರೇ ಕಟ್ ಮಾಡಿದ್ರು. ಅಭಿನಂದನೆ ದಿನ ನಿರೂಪಕರು ಅದನ್ನ ಏರುದನಿಯಲ್ಲಿ ಓದಿ, "ನಮ್ಮ ಸಾಹೇಬ್ರ ಸಮಾಜಸೇವೆನೂ ಹಂಗೇ, ಮಾಡಿದ್ದು ಒಬ್ಬರ ಕಣ್ಣಿಗೂ ಬೀಳಲ್ಲ" ಅಂದ್ರು, ಭರ್ಜರಿ ಚಪ್ಪಾಳೆ. ಸಾಹೇಬ್ರು ಶಾಲು ಸರಿಮಾಡ್ಕೊಂಡು ಮೈಕ್ ತಗೊಂಡು, ಎರಡು ಸಾವಿರ ವರ್ಷದ ಹಿಂದೆ ಚಾಣಕ್ಯರು ನನ್ನನ್ನ ನೋಡೇ ಬರೆದ ಹಾಗಿದೆ ಅಂದ್ರು. ಈಗ ಅವರ ಹೊಸ ವರ್ಷದ ಕ್ಯಾಲೆಂಡರಲ್ಲಿ ಆ ಸಾಲು ಬಂದಿದೆ, ಕೆಳಗೆ ಕೈ ಮುಗಿದ ಅವರ ಫೋಟೋ, ಪಕ್ಕದಲ್ಲಿ ಒಂದು ಬಂಗುಡೆ.