ಫ್ಯಾನಿನ ರೆಕ್ಕೆ ಮೇಲೆ ಹೆಸರು ಬರೆಸಬಹುದು, ಸಾಫ್ಟ್‌ವೇರ್ ಮೇಲೆ?

ನಮ್ಮೂರ ಶಾಲೆಯಲ್ಲಿ ತಲೆ ಎತ್ತಿ ನೋಡಿದರೆ ಮೂರು ಫ್ಯಾನು. ಮೂರರ ರೆಕ್ಕೆ ಮೇಲೂ ಕೆಂಪು ಪೇಂಟಿನಲ್ಲಿ ನನ್ನ ದೊಡ್ಡಪ್ಪನ ಹೆಸರಿದೆ. ಫ್ಯಾನು ತಿರುಗುವಾಗ ಕಾಣುವುದಿಲ್ಲ, ಕರೆಂಟು ಹೋದಾಗ ಚೆಂದ ಓದಬಹುದು. ಆಷಾಢದಲ್ಲಂತೂ ದೊಡ್ಡಪ್ಪನ ಹೆಸರು ದಿನವಿಡೀ ಓದಲಿಕ್ಕೆ ಸಿಗುತ್ತದೆ.

ಕಪಾಟಿನ ಮೇಲೆ ಇನ್ನೊಬ್ಬರ ಹೆಸರು, ನೀರಿನ ಫಿಲ್ಟರ್ ಮೇಲೆ ಮತ್ತೊಬ್ಬರದು, ಧ್ವಜಕಟ್ಟೆಗೆ ತೀರಿಹೋದ ಒಬ್ಬ ಅಜ್ಜನ ಸ್ಮರಣಾರ್ಥ ಕಲ್ಲು. ನಾನು ಗೇಲಿ ಮಾಡುತ್ತಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಶಾಲೆ ಅನ್ನೋದು ಬಹಳಷ್ಟು ಕಡೆ ಊರವರೇ ಕೈಹಚ್ಚಿ ಎಬ್ಬಿಸಿದ್ದು. 1953ರಲ್ಲಿ ದಿನಕರ ದೇಸಾಯಿಯವರು ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಜನತಾ ವಿದ್ಯಾಲಯಗಳನ್ನು ತೆರೆಯುತ್ತ ಹೋಗದಿದ್ದರೆ ನಮ್ಮ ಅಪ್ಪನಂಥ ಎಷ್ಟೋ ಜನ ಏಳನೇ ಕ್ಲಾಸಿಗೇ ಪಾಟಿಚೀಲ ಕೆಳಗಿಟ್ಟು ಗಜನಿ ಗದ್ದೆಗೆ, ಅಂದರೆ ಹೊಳೆಯಂಚಿನ ಉಪ್ಪುನೀರಿನ ಗದ್ದೆಗೆ, ಇಳಿಯುತ್ತಿದ್ದರು. ಹಾಗಾಗಿ "ಸರ್ಕಾರಿ ಶಾಲೆಗೆ ನಾವ್ಯಾಕೆ ದುಡ್ಡು ಕೊಡಬೇಕು" ಎನ್ನುವವರ ಹತ್ತಿರ ವಾದ ಮಾಡುವ ತಾಳ್ಮೆ ನನಗಿಲ್ಲ. ಸರ್ಕಾರವನ್ನು ಕೇಳೋಣ, ಬಿಡೋದು ಬೇಡ. ಅದು ಕೊಡುವಷ್ಟರಲ್ಲಿ ಈಗ ಒಂದನೇ ಕ್ಲಾಸಿನಲ್ಲಿರುವವರು ಐದನೇ ಕ್ಲಾಸು ದಾಟಿರುತ್ತಾರೆ, ಅಷ್ಟೇ.

ನನ್ನ ತಕರಾರು ಬೇರೆ. ಮೊನ್ನೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಮತ್ತೆ "ಸ್ಮಾರ್ಟ್ ಕ್ಲಾಸಿಗೆ ದೇಣಿಗೆ ಎತ್ತುವಾ" ಎಂಬ ಮಾತು ಬಂತು. ಮತ್ತೆ ಅಂದೆ ನೋಡಿ. ಎರಡು ವರ್ಷದ ಹಿಂದೆ ಒಮ್ಮೆ ಎತ್ತಿಯಾಗಿದೆ.

ಅಘನಾಶಿನಿ ದಂಡೆಯ ಕಿರಿಯ ಪ್ರಾಥಮಿಕ ಶಾಲೆ ನಮ್ಮದು. 23 ಮಕ್ಕಳು, ಇಬ್ಬರು ಅಕ್ಕೋರು, ಅಂದರೆ ಟೀಚರು. ಒಂದರಿಂದ ಮೂರರವರೆಗೆ ಆಡುತ್ತ ಕಲಿಯುವ ನಲಿ-ಕಲಿ, ಎಲ್ಲರೂ ಒಂದೇ ಕೋಣೆಯಲ್ಲಿ. ನಾಲ್ಕು, ಐದು ಇನ್ನೊಂದು ಕೋಣೆಯಲ್ಲಿ. ದಿನಾ ಬೆಳಿಗ್ಗೆ ಎಂಟಕ್ಕೆ ಶಾಲೆಯ ಗೇಟಿನ ಮುಂದೆಯೇ ಇಂಗ್ಲಿಷ್ ಮೀಡಿಯಂನ ಹಳದಿ ವ್ಯಾನು ಹಾರ್ನ್ ಹೊಡೆದುಕೊಂಡು ಹೋಗುತ್ತದೆ. ವರ್ಷಕ್ಕೆ ಇಬ್ಬರೋ ಮೂವರೋ ಆ ವ್ಯಾನು ಹತ್ತುತ್ತಾರೆ. ನಿಜ ಹೇಳಬೇಕೆಂದರೆ ಸ್ಮಾರ್ಟ್ ಕ್ಲಾಸು ಬೇಕಾಗಿದ್ದು ಮಕ್ಕಳ ಕಲಿಕೆಗಲ್ಲ, ಆ ವ್ಯಾನಿಗೆ ಉತ್ತರ ಕೊಡಲಿಕ್ಕೆ. ಸಭೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಕಂಪನಿಯಿಂದ ಟೈ ಕಟ್ಟಿದ ಹುಡುಗನೊಬ್ಬ ಬಂದು ಗೋಡೆಯ ಮೇಲೆ ಹೃದಯ ಬಡಿಯುವುದನ್ನು ತೋರಿಸಿದ. ಹೊಳೆಯಲ್ಲಿ ಬಳಚು (ಚಿಪ್ಪುಮೀನು) ತೆಗೆದು ಸೀದಾ ಬಂದಿದ್ದ ತಾಯಂದಿರು ಒದ್ದೆ ಸೀರೆಯಲ್ಲೇ ನಿಂತು ಕಣ್ಣು ಪಿಳುಕಿಸದೆ ನೋಡಿದರು. ಪ್ರೊಜೆಕ್ಟರ್ ಬಿಟ್ಟು ಸಾಫ್ಟ್‌ವೇರಿಗೇ 68 ಸಾವಿರ. "ಲೈಸೆನ್ಸ್" ಎಂದು ಅವನು ನಾಲ್ಕು ಸಲ ಹೇಳಿದ. ನಮ್ಮವರು ಡ್ರೈವಿಂಗ್ ಲೈಸೆನ್ಸಿನ ಹಾಗೆ ಬಹಳ ವರ್ಷದ್ದು ಅಂದುಕೊಂಡರು.

ಕುಮಟಾದಲ್ಲಿ ಝೆರಾಕ್ಸ್ ಮತ್ತು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವ ನಾನು. ವರ್ಷದ ಲೈಸೆನ್ಸ್ ಅಂದರೆ ಏನು ಎಂದು ಆ ಸಭೆಯಲ್ಲಿ ಗೊತ್ತಿದ್ದವ ನಾನೊಬ್ಬನೇ. ಸುಮ್ಮನೆ ಕುಳಿತೆ. ಪ್ರೊಜೆಕ್ಟರ್ ನನ್ನ ಅಂಗಡಿಯಿಂದಲೇ ಹೋಗುವುದಿತ್ತು, ಅದಕ್ಕೆ.

ದುಡ್ಡು ಎತ್ತಿದ ಪರಿ ಮಾತ್ರ ನೋಡುವಂತಿತ್ತು. ಗೋವಾ, ಮುಂಬೈಯಲ್ಲಿರುವವರಿಗೆಲ್ಲ ವಾಟ್ಸಾಪ್. ಸಹಾಯಾರ್ಥ ಯಕ್ಷಗಾನ ಇಟ್ಟೆವು. ಮೇಳದವರಿಗೆ, ಮೈಕಿನವರಿಗೆ, ಕುರ್ಚಿಯವರಿಗೆ ಕೊಟ್ಟ ಮೇಲೆ ಉಳಿದದ್ದು ಚಾ ಖರ್ಚಿಗಿಂತ ಸ್ವಲ್ಪ ಹೆಚ್ಚು. ಕೈಹಿಡಿದದ್ದು ಫಲಾವಳಿ ಸವಾಲು, ಅಂದರೆ ಹಣ್ಣು-ತರಕಾರಿಯ ಹರಾಜು. ಒಂದು ಸಿಹಿಗುಂಬಳ 3,100 ರೂಪಾಯಿಗೆ ಹೋಯಿತು. ಕೂಗಿದವ ಅದನ್ನು ತಲೆಯ ಮೇಲಿಟ್ಟುಕೊಂಡು ಒಂದು ಸುತ್ತು ಹಾಕಿ, "ಶಾಲೆಗೇ ಇರ್ಲಿ" ಎಂದು ತಿರುಗಿ ಮೇಜಿನ ಮೇಲಿಟ್ಟ. ಎರಡನೇ ಸಲ 1,800. ಮೂರನೇ ಸಲ ಕೂಗಿದ ಅಜ್ಜಿ ಮಾತ್ರ ಮನೆಗೆ ಒಯ್ದು ಹುಳಿ ಮಾಡಿದಳು. ಬೆವರಿನ ದುಡ್ಡು ಅದು. ಅದಕ್ಕೇ ನನಗೆ ಇಷ್ಟು ಹೊಟ್ಟೆ ಉರಿಯುವುದು.

ಮೊದಲ ತಿಂಗಳು ಮಕ್ಕಳಿಗೆ ಹಬ್ಬ. ಒಂದು ದಿನ ಪ್ರೊಜೆಕ್ಟರ್ ಬಲ್ಬು ನೋಡಲು ಹೋಗಿದ್ದೆ. ಗೋಡೆಯ ಮೇಲೆ ಪ್ರಶ್ನೆ: "ಉಪ್ಪು ನೀರಿನಲ್ಲಿ ಭತ್ತ ಬೆಳೆಯುವುದಿಲ್ಲ. ಸರಿಯೋ ತಪ್ಪೋ?" ನಾಲ್ಕನೇ ಕ್ಲಾಸಿನ ಹುಡುಗಿ ಓಡಿ ಬಂದು "ತಪ್ಪು" ಒತ್ತಿದಳು. ಕೆಂಪು ಕತ್ತರಿ ಗುರುತು, ಮೇಲಿಂದ ಒಂದು ಬೇಸರದ ಸದ್ದು. ಹುಡುಗಿ ಅಕ್ಕೋರ ಮುಖ ನೋಡಿದಳು. ಅವಳ ಅಜ್ಜ ಗಜನಿಯಲ್ಲಿ ಕಗ್ಗ ಬೆಳೆಯುವವ. ಉಪ್ಪು ತಡೆದುಕೊಳ್ಳುವ, ನೆರೆಯಲ್ಲಿ ಮುಳುಗಿದರೂ ಕೊಳೆಯದೆ ಎದ್ದು ನಿಲ್ಲುವ ಭತ್ತ ಅದು. ಆ ಕಿಟಕಿಯಿಂದಲೇ ಗದ್ದೆ ಕಾಣುತ್ತದೆ. ಅಕ್ಕೋರು "ನೀ ಹೇಳಿದ್ದೇ ಖರೆ ಮಗಾ, ಅದಕ್ಕೆ ಗೊತ್ತಿಲ್ಲ" ಎಂದರು. ಅಕ್ಕೋರು ಅಲ್ಲಿ ಇದ್ದರು, ಹಾಗಾಗಿ ಆಯಿತು.

ಜೂನ್‌ನಲ್ಲಿ ಶಾಲೆ ಶುರುವಾದಾಗ ಕಂಪ್ಯೂಟರ್ ಹಚ್ಚಿದರೆ ಅವಧಿ ಮುಗಿದಿದೆ, ನವೀಕರಿಸಿ ಎಂದಿತು. 22 ಸಾವಿರ. ಅಕ್ಕೋರು ಫೋನ್ ಮಾಡಿದರೆ ಆ ಕಡೆಯಿಂದ ಹಿಂದಿ. ಟೈ ಕಟ್ಟಿದ ಹುಡುಗ ಆ ಕೆಲಸ ಬಿಟ್ಟು ಹೋಗಿದ್ದ. ಪಾಪ, ಅವನನ್ನು ಬೈದು ಏನು.

ಈಗ ನಾನು ಸಭೆಯಲ್ಲಿ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ: ಈ ಸಲ ಸಾಫ್ಟ್‌ವೇರಿಗೆ ಒಂದು ಪೈಸೆ ಎತ್ತುವುದು ಬೇಡ. ಪುಕ್ಕಟೆಯಾಗಿ ಸಿಗುವುದನ್ನೇ ನಾವು ಬಳಸಿ ಮುಗಿಸಿಲ್ಲ. ಪಠ್ಯಪುಸ್ತಕದಲ್ಲಿ ಅಚ್ಚಾಗಿರುವ ಕ್ಯೂಆರ್ ಕೋಡ್ ಹಿಡಿದರೆ ಸರ್ಕಾರದ್ದೇ ಆದ ದೀಕ್ಷಾ ಆ್ಯಪ್ ತೆರೆದುಕೊಳ್ಳುತ್ತದೆ, 2017ರಿಂದ ಇದೆ, ಒಮ್ಮೆ ಇಳಿಸಿಕೊಂಡ ಪಾಠಕ್ಕೆ ಆಮೇಲೆ ನೆಟ್ ಬೇಡ. ಜಿಕಾಂಪ್ರಿ ಎಂಬುದೊಂದಿದೆ, 2000ದಲ್ಲಿ ಶುರುವಾದದ್ದು, ಎರಡರಿಂದ ಹತ್ತು ವರ್ಷದ ಮಕ್ಕಳಿಗಾಗಿಯೇ ನೂರಕ್ಕೂ ಹೆಚ್ಚು ಆಟ-ಪಾಠ. ಭಿನ್ನರಾಶಿ ತಲೆಗೆ ಹೋಗದ ಮಕ್ಕಳಿಗೆ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಇದೆ, ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗಗಳು, ಕೆಲವು ಕನ್ನಡದಲ್ಲೂ ಇವೆ. ಪುಕ್ಕಟೆ ಅಂದರೆ ಕಳಪೆ ಎನ್ನುವವರು ನನ್ನ ಅಂಗಡಿಗೆ ಬನ್ನಿ. ತಾಲೂಕಿನ ಅರ್ಧ ಅರ್ಜಿಗಳು ಅಲ್ಲಿ ನುಡಿ ಎಂಬ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪಾಗುತ್ತವೆ. ಕನ್ನಡ ಗಣಕ ಪರಿಷತ್ತಿನ ಆ ನುಡಿಗೆ ನಾನು ಕಾಸು ಕೊಟ್ಟವನಲ್ಲ.

ದುಡ್ಡು ಬೇಕಾಗಿರುವುದು ಬೇರೆಯದಕ್ಕೆ. ಮೊದಲನೆಯದು ಕರೆಂಟು. ನಮ್ಮದೇ ಜಿಲ್ಲೆಯ ಕೈಗಾ ಅಣು ವಿದ್ಯುತ್ ಸ್ಥಾವರದ ಒಂದನೇ ಘಟಕ 2018ರಲ್ಲಿ 962 ದಿನ ಒಂದೇ ಸಮನೆ ಓಡಿ ವಿಶ್ವದಾಖಲೆ ಮಾಡಿತು. ನಮ್ಮ ಶಾಲೆಯಲ್ಲಿ ಮಳೆಗಾಲದಲ್ಲಿ ಒಂದು ಪಿರಿಯಡ್ಡು ಒಂದೇ ಸಮನೆ ಕರೆಂಟು ಇದ್ದರೆ ಅದು ದಾಖಲೆ. ಇನ್ವರ್ಟರ್, ಬ್ಯಾಟರಿ ಬೇಕು. ಪ್ರೊಜೆಕ್ಟರ್ ಜೊತೆಗೆ ಹಳೇ ಲ್ಯಾಪ್‌ಟಾಪ್ ಎರಡು ಸಾಕು, ಸರ್ವಿಸ್ ಮಾಡಿ ಕೊಡುವುದು ನನ್ನ ಪಾಲು, ಲಾಭ ಇಲ್ಲದೆ. (ಪ್ರೊಜೆಕ್ಟರಿನಲ್ಲಿ ಸಿಕ್ಕ ಲಾಭವನ್ನು ಮೊನ್ನೆಯೇ ಶಾಲೆಯ ಖಾತೆಗೆ ಹಾಕಿದ್ದೇನೆ. ಎಷ್ಟು ಎಂದು ಕೇಳಬೇಡಿ, ಮನೆಯವಳಿಗೂ ಹೇಳಿಲ್ಲ.)

ಎರಡನೆಯದಕ್ಕೇ ಸಭೆಯಲ್ಲಿ ಗಲಾಟೆ ಆದದ್ದು. ಊರಲ್ಲೇ ಡಿಗ್ರಿ ಮುಗಿಸಿ ಕುಳಿತ ಹುಡುಗಿಯರಿದ್ದಾರೆ. ಒಬ್ಬಳು ವಾರಕ್ಕೆ ಎರಡು ಮಧ್ಯಾಹ್ನ ಬಂದು ಮಕ್ಕಳ ಜೊತೆ ಕಂಪ್ಯೂಟರ್ ಮುಂದೆ ಕುಳಿತರೆ ತಿಂಗಳಿಗೆ ಎರಡು ಸಾವಿರ ಕೊಡೋಣ ಎಂದೆ. ಎರಡು ಕೋಣೆ, ಐದು ಕ್ಲಾಸು, ಬಿಸಿಯೂಟ, ಹಾಲು, ಇಲಾಖೆಗೆ ಕಳಿಸುವ ಮಾಹಿತಿ ಎಲ್ಲ ಇಬ್ಬರೇ ನೋಡಬೇಕು. ಅಕ್ಕೋರು ಎಷ್ಟಂತ ಮಾಡಬೇಕು? "ಸಂಬಳಕ್ಕೆ ಯಾರು ದೇಣಿಗೆ ಕೊಡ್ತ್ರು ಮಾರಾಯಾ, ಕಣ್ಣಿಗೆ ಕಾಣೂದು ಏನಾದ್ರೂ ಬೇಕು" ಎಂದರು ಒಬ್ಬರು. ಕಂಡದ್ದಕ್ಕೆ 68 ಸಾವಿರ ಸುರಿದು ಈಗ ಏನು ಕಾಣುತ್ತಿದೆ ಎಂದು ಕೇಳಿಬಿಟ್ಟೆ. ಸ್ವಲ್ಪ ಜೋರಾಗೇ ಕೇಳಿದೆ, ಒಪ್ಪಿಕೊಳ್ಳುತ್ತೇನೆ.

ಕೊನೆಗೆ ಬ್ಯಾಟರಿಗೆ ಒಪ್ಪಿಗೆ ಸಿಕ್ಕಿತು. ಹುಡುಗಿಯ ವಿಷಯ ಮುಂದಿನ ಸಭೆಗೆ. ದುಡ್ಡು ಯಾರ ಕೈಗೂ ಕೊಡಬೇಡಿ, ಹೆಡ್ ಅಕ್ಕೋರು ಮತ್ತು ಅಧ್ಯಕ್ಷರ ಜಂಟಿ ಖಾತೆಗೇ ಹಾಕಿ, ರಸೀದಿ ಕೇಳಿ ತಗೊಳ್ಳಿ.

ಸಭೆ ಮುಗಿಸಿ ಹೊರಡುವಾಗ ದೊಡ್ಡಪ್ಪ ಮೆಟ್ಟಿಲ ಮೇಲೆ ಛತ್ರಿ ಬಿಚ್ಚುತ್ತ ಕೇಳಿದ, "ತಮಾ, ಬ್ಯಾಟರಿ ನಾ ಕೊಡ್ತೆ. ಹೆಸ್ರು ಎಲ್ಲಿ ಬರೆಸೂದು?"

"ಡಬ್ಬದ ಮೇಲೇ ಬರೆಸ್ವಾ ದೊಡ್ಡಪ್ಪಾ."

"ಅದು ನಾಕು ವರ್ಷಕ್ಕೆ ಹಾಳಾಗ್ತದಲಾ?"

ಬಾಗಿಲಿಗೆ ಬೀಗ ಹಾಕುತ್ತಿದ್ದ ಅಕ್ಕೋರು ತಿರುಗಿ ನೋಡದೆ ಹೇಳಿದರು: "ಹಾಳಾದಾಗ ಮತ್ತೆ ನೀವೇ ಕೊಡಿ."