ನಾನ್ಯಾರು, ಹೇಳು ನೋಡೋಣ

ಒಗ್ಗರಣೆಗೆ ಸಾಸಿವೆ ಹಾಕುವುದಕ್ಕೂ ಫೋನ್ ಹೊಡೆದುಕೊಳ್ಳುವುದಕ್ಕೂ ಸರಿಹೋಯಿತು. ಗೊತ್ತಿಲ್ಲದ ನಂಬರು. ಕಿವಿಗೂ ಭುಜಕ್ಕೂ ಮಧ್ಯೆ ಸಿಕ್ಕಿಸಿಕೊಂಡು ‘ಹಲೋ’ ಅಂದೆ.

“ನಾನು.”

“ನಾನು ಅಂದ್ರೆ?”

“ಗೊತ್ತಾಗ್ಲಿಲ್ವಾ? ಹೇಳು ನೋಡೋಣ!”

ಸಾಸಿವೆ ಸಿಡಿಯಿತು, ಸುಮ್ಮನಾಯಿತು, ಸೀದುಹೋಯಿತು. ನಾನು ಸೌಟು ಹಿಡಿದು ನಿಂತೇ ಇದ್ದೆ.

ನನಗೆ ಮಾತು ಅಂದರೆ ಇಷ್ಟ. ತರಕಾರಿ ಗಾಡಿಯವನ ಜೊತೆ, ಬಸ್ಸಿನಲ್ಲಿ ಪಕ್ಕ ಕೂತವರ ಜೊತೆ, ರಾಂಗ್ ನಂಬರಿನವರ ಜೊತೆ ಕೂಡ ಎರಡು ಮಾತಾಡಿಯೇ ಇಡುವವಳು. ಆದರೆ ಈ ‘ಹೇಳು ನೋಡೋಣ’ ಜಾತಿಯವರ ಮೇಲೆ ಮಾತ್ರ ನನಗೆ ಒಂದು ಚೂರೂ ಕನಿಕರ ಇಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಮೂವತ್ತೈದು ವರ್ಷ ಆಯಿತು. ಅಡುಗೆಮನೆಯಲ್ಲಿ ನಿಂತು ಇನ್ನೊಂದು ಪರೀಕ್ಷೆ ಯಾಕೆ ಬರೆಯಬೇಕು?

ಮದುವೆಮನೆಗಳಲ್ಲಿ ಇವರದೇ ಒಂದು ತಂಡ ಇರುತ್ತದೆ. ಎಲೆ ಮುಂದೆ ಕೂರಲು ಓಡುತ್ತಿರುತ್ತೇವೆ. ಯಾರೋ ಕೈ ಹಿಡಿದು ನಿಲ್ಲಿಸುತ್ತಾರೆ. “ನಾನ್ಯಾರು ಹೇಳು? ನೀನು ಇಷ್ಟಿದ್ದಾಗ ನೋಡಿದ್ದು!” ಇಷ್ಟು ಅನ್ನುವಾಗ ಅವರ ಕೈ ಮೊಣಕಾಲಿನ ಹತ್ತಿರ. ಅಷ್ಟೆತ್ತರದಿಂದ ನನಗೆ ಕಾಣಿಸಿದ್ದು ನಿಮ್ಮ ಸೀರೆ ಅಂಚು ಮಾತ್ರ ಇರಬೇಕು ತಾಯಿ, ಆ ಸೀರೆ ಉಟ್ಟುಕೊಂಡು ಬಂದಿದ್ದರೆ ಹೇಳುತ್ತಿದ್ದೆನೇನೋ. ಹಾಗಂತ ಬಾಯಿಬಿಟ್ಟು ಹೇಳೋಕೆ ಆಗಲ್ಲ. ನಗುತ್ತಾ ನಿಲ್ಲಬೇಕು. ಅಷ್ಟರಲ್ಲಿ ಪಾಯಸ ಎರಡನೇ ಸುತ್ತು ಬಂದಿರುತ್ತದೆ.

ಇನ್ನು ಈ ‘ನಾನು’. ಬಾಗಿಲು ತಟ್ಟಿದವರನ್ನು “ಯಾರು?” ಅಂತ ಕೇಳಿ ನೋಡಿ. “ನಾನು” ಅನ್ನುತ್ತಾರೆ. ಒಳಗಿರುವ ನಾನು ಮತ್ಯಾರು ಹಾಗಾದರೆ? ಹಿಂದಿಯಲ್ಲಾದರೆ ‘ಬೋಲ್ ರಹಾ ಹೂಂ’, ‘ಬೋಲ್ ರಹೀ ಹೂಂ’ ಅಂತ ಗಂಡೋ ಹೆಣ್ಣೋ ಅಷ್ಟಾದರೂ ಗೊತ್ತಾಗುತ್ತದೆ. ನಮ್ಮ ಕನ್ನಡ ಬೇರೆಯವರ ವಿಷಯಕ್ಕೆ ಬಂದರೆ ಬಂದನು, ಬಂದಳು, ಬಂದಿತು ಅಂತ ಎಲ್ಲಾ ಬಿಡಿಸಿ ಹೇಳುತ್ತದೆ. ತನ್ನ ವಿಷಯ ಬಂದ ಕೂಡಲೇ ಬಾಯಿಗೆ ಬೀಗ. ಬಂದೆ. ಮುಗಿಯಿತು. ಯಾರು ಬೇಕಾದರೂ ಬಂದಿರಬಹುದು.

ಆದರೂ ದನಿ ಕೇಳಿದರೆ ಗೊತ್ತಾಗುತ್ತೆ ಅಲ್ವಾ? ಗೊತ್ತಾಯಿತು. ಅರವತ್ತು ದಾಟಿದ ಗಂಡಸು. ಸ್ವಲ್ಪ ಕೆಮ್ಮು. ‘ಹೇಳು’ ಅಂದಿದ್ದರಿಂದ ನನಗಿಂತ ಹಿರಿಯರು, ಹತ್ತಿರದವರು. ನಮ್ಮ ಅಪ್ಪನ ಕಡೆಯವರು ಯಾರೂ ಹೀಗೆ ಫೋನ್ ಮಾಡುವವರಲ್ಲ. ಅಂದಮೇಲೆ ಗಂಡನ ಮನೆ ಕಡೆಯವರು. ಅಲ್ಲಿಗೆ ನನ್ನ ಎದೆ ಧಸಕ್ ಅಂದಿತು. ತವರಿನವರನ್ನು ಮರೆತರೆ ನಗುತ್ತಾರೆ. ಗಂಡನ ಮನೆಯವರನ್ನು ಮರೆತರೆ ಅದು ಮುಂದಿನ ಮೂರು ಮದುವೆಗಳಿಗಾಗುವಷ್ಟು ಮಾತಾಗುತ್ತದೆ.

ಯಾರು ಅಂತ ಕೇಳುವುದಕ್ಕೆ ಒಂದು ಹೊತ್ತು ಇರುತ್ತದೆ. ಹಾಲು ಉಕ್ಕುವ ಗಳಿಗೆ ಇದ್ದ ಹಾಗೆ. ಅದು ತಪ್ಪಿದರೆ ಆಮೇಲೆ ಒಲೆ ಒರೆಸುವುದೊಂದೇ ಬಾಕಿ. ನಾನು ಆ ಗಳಿಗೆಯಲ್ಲಿ, “ಓ... ಈಗ ಗೊತ್ತಾಯ್ತು ಬಿಡಿ!” ಅಂದುಬಿಟ್ಟೆ.

“ಹಾಗ್ ಬಾ ದಾರಿಗೆ,” ಅಂದರು. “ಮತ್ತೆ? ಎಲ್ಲಾ ಚೆನ್ನಾಗಿದೀರಾ? ಅತ್ತೆ ಮಂಡಿ ನೋವು ಹೇಗಿದೆ?”

ಹಾಗೇ ಇದೆ ಅಂದೆ. ನೋಡಿ, ಮಂಡಿ ನೋವು ಕೂಡ ಗೊತ್ತು, ತೀರಾ ಹತ್ತಿರದವರೇ ಸರಿ ಅಂತ ಆಗ ಅನ್ನಿಸಿತು. ಅರವತ್ತು ದಾಟಿದ ಯಾವ ಅತ್ತೆಗೆ ಮಂಡಿ ನೋವಿಲ್ಲ ಅಂತ ಹೊಳೆದದ್ದು ರಾತ್ರಿ ಪಾತ್ರೆ ತೊಳೆಯುವಾಗ.

“ಮಗ ಏನ್ ಮಾಡ್ತಿದಾನೆ?”

“ಇಂಜಿನಿಯರಿಂಗು, ಮೂರನೇ ವರ್ಷ.”

“ಅದೇ, ಹೇಳ್ತಿದ್ರು.” ಯಾರು ಹೇಳುತ್ತಿದ್ದರೋ! “ಪುಟ್ಟಿ ಬಾಣಂತನ ಎಲ್ಲಾ ಮುಗೀತಾ?”

ನಮ್ಮವರ ಕಡೆ ಪುಟ್ಟಿಯರು ನಾಲ್ಕು ಜನ. ಒಬ್ಬಳಿಗೆ ಮೊಮ್ಮಗ ಹುಟ್ಟಿದ್ದಾನೆ. ಒಬ್ಬಳು ಏಳನೇ ಕ್ಲಾಸು. ಉಳಿದ ಇಬ್ಬರಲ್ಲಿ ಯಾರೋ ಹೆತ್ತಿರಬೇಕು, ನನಗೇ ತಿಳಿದಿಲ್ಲ ಅಂದರೆ ಇನ್ನೂ ಕೆಟ್ಟದು. “ಮುಗೀತು, ಮಗು ಗುಂಡುಗುಂಡಾಗಿದೆ,” ಅಂದೆ. ಸುಳ್ಳಿಗೆ ತೂಕ ಇರಲಿ ಅಂತ ಗುಂಡುಗುಂಡು ನಾನೇ ಸೇರಿಸಿದ್ದು.

ಮಧ್ಯೆ ಮಧ್ಯೆ ಸುಳಿವು ಸಿಗುತ್ತಾ ಅಂತ ಗಾಳ ಹಾಕಿದೆ. “ಮನೇಲೆಲ್ಲಾ ಹೇಗಿದಾರೆ?” ಅಂದೆ. “ಇದಾರೆ,” ಅಂದರು. “ಈಗ ಎಲ್ಲಿಂದ ಮಾತಾಡ್ತಿರೋದು?” ಅಂದೆ. “ಮನೆಯಿಂದಾನೇ.” ಕರೆಯುವುದು ಹೇಗೆ ಅಂತ ಬೇರೆ ಕಷ್ಟ. ಗಂಡನ ಮನೆ ಕಡೆಯ ವಯಸ್ಸಾದ ಗಂಡಸರನ್ನು ‘ಮಾವ’ ಅಂದುಬಿಟ್ಟರೆ ನೂರಕ್ಕೆ ಎಂಬತ್ತು ಪಾಲು ನಡೆದುಹೋಗುತ್ತದೆ. ಉಳಿದ ಇಪ್ಪತ್ತರಲ್ಲಿ ‘ಭಾವ’ಗಳಿರುತ್ತಾರೆ. ಭಾವನನ್ನು ಮಾವ ಅಂದರೆ ಅವರ ವಯಸ್ಸಿಗೆ ಹದಿನೈದು ವರ್ಷ ಸೇರಿಸಿದ ಹಾಗೆ. ಅದಕ್ಕೇ ಬರೀ ‘ಹ್ಞೂಂ ನೀವು’, ‘ಅಲ್ಲ ನೀವು’ ಅಂತಲೇ ಸಾಗಿಸಿದೆ.

ಅಷ್ಟರಲ್ಲಿ ಕೊಬ್ಬರಿ ಬಂತು. ನಿಜವಾದ ಸುಳಿವು! “ಕೊಬ್ಬರಿ ರೇಟು ನೋಡಿದ್ಯಾ ತಾಯಿ? ಹತ್ತು ಹನ್ನೊಂದು ತಿಂಗಳು ಕಾಯಿ ಅಟ್ಟದ ಮೇಲೆ ಇಟ್ಕೊಂಡು, ಒಳಗಿನ ನೀರೆಲ್ಲಾ ಇಂಗಿ, ಗಿಟುಕು ಲೊಟಲೊಟ ಅನ್ನೋವರ್ಗೂ ಕಾದು, ಸುಲಿಸಿ, ಒಡೆಸಿ, ತಿಪಟೂರಿಗೆ ಹಾಕ್ಕೊಂಡು ಹೋದ್ರೆ, ಅಲ್ಲಿ ಅವ್ರು ಕೈಯಲ್ಲಿ ತಿರುಗಿಸಿ ನೋಡಿ ಮೂತಿ ಸೊಟ್ಟ ಮಾಡ್ತಾರೆ.” ಇದೊಂದೇ ವಿಷಯ ಹತ್ತು ನಿಮಿಷ ಆಯಿತು. ಇಲಿ ಕಾಟ, ಕೂಲಿಯವರು ಸಿಗದೇ ಇರುವುದು, ಮರ ಹತ್ತುವವನು ಮೊಬೈಲ್ ಹಿಡಿದುಕೊಂಡೇ ಹತ್ತುತ್ತಾನೆ ಅನ್ನುವುದು. ನಾನು ಅತ್ತ ಮನಸ್ಸಿನಲ್ಲೇ ನಕ್ಷೆ ಬಿಡಿಸುತ್ತಿದ್ದೆ. ಕೊಬ್ಬರಿ ಅಂದರೆ ತಿಪಟೂರು, ಅರಸೀಕೆರೆ, ತುರುವೇಕೆರೆ, ಚನ್ನರಾಯಪಟ್ಟಣ. ಏನು ಪ್ರಯೋಜನ? ನಮ್ಮತ್ತೆ ಮನೆ ಅರಸೀಕೆರೆ ಕಡೆ. ಅರ್ಧ ಬಳಗಕ್ಕೆ ತೆಂಗಿನ ತೋಟ ಇದೆ. ಉಳಿದರ್ಧ ಮಾರಿಕೊಂಡು ಅದರ ವಿಷಯ ಮಾತಾಡುತ್ತಾರೆ.

ಕೊನೆಗೆ ವಿಷಯಕ್ಕೆ ಬಂದರು. “ಭಾನುವಾರ ಗೃಹಪ್ರವೇಶ. ಎಲ್ರೂ ಬರ್ಬೇಕು.”

“ಅಯ್ಯೋ, ಸಂತೋಷ! ಎಲ್ಲಿ?”

“ಎಲ್ಲಿ ಅಂದ್ರೆ? ಅದೇ ಜಾಗ. ನಿಂಗೆ ಗೊತ್ತಲ್ಲ?”

“ಗೊತ್ತು ಗೊತ್ತು.”

“ಕಾರ್ಡು ಮಗ ಫೋನಿಗೆ ಹಾಕ್ತಾನೆ. ನಿಂಗೆ ಒಂದು ಚೀಲ ಕಾಯಿ ಬೇರೆ ಕಳಿಸ್ತೀನಿ, ಬಸ್ಸಿಗೆ ಹಾಕಿಸಿ. ಇಡ್ಲಾ?”

ಇಟ್ಟರು. ಇಪ್ಪತ್ತಮೂರು ನಿಮಿಷ ಅಂತ ಫೋನ್ ತೋರಿಸಿತು.

“ಯಾರಂತೆ?” ಅಂದರು ಅತ್ತೆ, ಹಾಲ್‌ನಿಂದ.

“ಗೊತ್ತಿಲ್ಲ ಅತ್ತೆ.”

“ಗೊತ್ತಿಲ್ದೇ ಅಷ್ಟೊತ್ತು ಏನ್ ಮಾತಾಡ್ದೆ?”

“ನಿಮ್ ಮಂಡಿ ವಿಷ್ಯ, ಕೊಬ್ಬರಿ ವಿಷ್ಯ.”

ರಾತ್ರಿ ಮನೆಯಲ್ಲಿ ವಿಚಾರಣೆ ನಡೆಯಿತು. ಮಗ ತನ್ನ ಫೋನಿನ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿದ. ‘ಚೌಲ್ಟ್ರಿ ಅಂಕಲ್ ಹೊಸದು’ ಅಂತ ಬಂತು. ಯಾರೋ ಪುಣ್ಯಾತ್ಮರು ಹಾಗೆ ಸೇವ್ ಮಾಡಿಕೊಂಡಿದ್ದಾರೆ. ಅತ್ತೆ ಕಣ್ಣರಳಿಸಿದರು. “ನಮ್ಮ ಚಿಕ್ಕಮ್ಮನ ಮಗ ಚೌಲ್ಟ್ರೀಲಿ ಮ್ಯಾನೇಜರ್ ಆಗಿದ್ದ!”

“ಹಾಗಾದ್ರೆ ಅವ್ರೇ!”

“ಅವನು ಹೋಗಿ ಎಂಟು ವರ್ಷ ಆಯ್ತು.”

“ಹೋಗಿ ಅಂದ್ರೆ, ಎಲ್ಲಿಗೆ?” ಅಂದ ಮಗ.

“ಹೋಗಿ ಅಂದ್ರೆ ಹೋಗಿ,” ಅಂದರು ಅತ್ತೆ. ಒಂದು ನಿಮಿಷ ಯಾರೂ ಮಾತಾಡಲಿಲ್ಲ.

“ನೀವೇ ಒಂದ್ಸಲ ವಾಪಸ್ ಫೋನ್ ಮಾಡಿ ಕೇಳ್ಬಾರ್ದೇನ್ರೀ?” ಅಂದೆ ನಮ್ಮವರಿಗೆ. ಅವರು ಯೋಚನೆ ಮಾಡಿ ಹೇಳಿದರು: “ಮಾಡ್ತೀನಿ. ಆಮೇಲೆ ಅವ್ರು ನಂಗೂ ‘ಹೇಳು ನೋಡೋಣ’ ಅಂದ್ರೆ?” ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವರು ಆಡಿದ ಬುದ್ಧಿವಂತಿಕೆಯ ಮಾತುಗಳಲ್ಲಿ ಇದೂ ಒಂದು. ಯಾರೂ ಫೋನ್ ಮಾಡಲಿಲ್ಲ. ಕಾರ್ಡೂ ಬರಲಿಲ್ಲ. ಭಾನುವಾರ ಬಂತು, ‘ಅದೇ ಜಾಗ’ ಯಾವುದು ಅಂತ ತಿಳಿಯದೆ ಹೋಯಿತು.

ಈ ಚಟ ಹಿಂದೆ ಇರಲಿಲ್ಲ ಅಂತ ನನ್ನ ವಾದ. ಇರೋಕೆ ಸಾಧ್ಯವೇ ಇರಲಿಲ್ಲ, ದುಡ್ಡು ಎಲ್ಲಿತ್ತು? ನಾನು ಹುಡುಗಿಯಾಗಿದ್ದಾಗ ನಮ್ಮ ಬೀದಿಗೆಲ್ಲಾ ಇದ್ದದ್ದು ಒಂದೇ ಫೋನು, ಎದುರಿನ ರೈಸ್ ಮಿಲ್ಲಿನವರ ಮನೆಯಲ್ಲಿ. ನಮ್ಮದು ‘ಪಿ.ಪಿ. ನಂಬರ್’, ಅಂದರೆ ಅವರ ನಂಬರನ್ನೇ ನಮ್ಮದು ಅಂತ ಎಲ್ಲರಿಗೂ ಕೊಡುವುದು. ಅವರ ಮನೆ ಹುಡುಗ ಬೀದಿಯಲ್ಲಿ ನಿಂತು “ನಿಮಗೆ ಟ್ರಂಕ್ ಕಾಲ್!” ಅಂತ ಕೂಗಿದರೆ ಅಪ್ಪ ಪಂಚೆ ಎತ್ತಿಕಟ್ಟಿ ಓಡಬೇಕು. ಟ್ರಂಕ್ ಕಾಲ್ ಅಂದರೆ ಎಕ್ಸ್‌ಚೇಂಜಿನಲ್ಲಿ ಬುಕ್ ಮಾಡಿ ಕಾಯಬೇಕಿದ್ದ ದೂರದೂರಿನ ಕರೆ, ಮೂರು ನಿಮಿಷದ ಲೆಕ್ಕ. ಅದರಲ್ಲಿ ಎರಡು ನಿಮಿಷ “ಕೇಳಿಸ್ತಿದ್ಯಾ?”ಗೆ ಹೋಗುತ್ತಿತ್ತು. ತುಂಬಾ ಅವಸರ ಇದ್ದವರು ಲೈಟ್ನಿಂಗ್ ಕಾಲ್ ಬುಕ್ ಮಾಡುತ್ತಿದ್ದರು. ಅದಕ್ಕೆ ಮಾಮೂಲಿಗಿಂತ ಎಂಟು ಪಟ್ಟು ದುಡ್ಡು. ಎಂಟು ಪಟ್ಟು ಕೊಟ್ಟು “ನಾನ್ಯಾರು ಹೇಳು ನೋಡೋಣ” ಅನ್ನುವ ಗಂಡಸು ಈ ಸೀಮೆಯಲ್ಲಿ ಹುಟ್ಟಿರಲಿಲ್ಲ. ಆಮೇಲೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಬಂದವು. ಗಾಜಿನ ಗೂಡು, ಕೆಂಪು ಅಂಕಿ ಓಡುವ ಮೀಟರು. ಮಾತಾಡುವವರ ಕಣ್ಣೆಲ್ಲಾ ಮೀಟರಿನ ಮೇಲೆ. ಮೊಬೈಲ್ ಬಂದ ಹೊಸದರಲ್ಲಿ ಒಳಬರುವ ಕರೆಗೂ ದುಡ್ಡು ಕೊಡಬೇಕಿತ್ತು. 2003ರಲ್ಲಿ ಅದು ಉಚಿತವಾಯಿತು. ದೇಶಕ್ಕೆ ಒಳ್ಳೆಯದೇ ಆಗಿರಬಹುದು. ನನ್ನ ಒಗ್ಗರಣೆಗೆ ಶನಿ ಹಿಡಿದದ್ದು ಅವತ್ತಿನಿಂದ.

ಫೋನ್ ಎತ್ತಿದಾಗ ‘ಹಲೋ’ ಅನ್ನೋಣ ಅಂತ 1877ರಲ್ಲಿ ಹೇಳಿದವನು ಎಡಿಸನ್. ಫೋನ್ ಕಂಡುಹಿಡಿದ ಬೆಲ್‌ಗೆ ‘ಅಹೋಯ್’ ಅನ್ನುವುದು ಇಷ್ಟ ಇತ್ತಂತೆ, ಹಡಗಿನವರು ಕೂಗುತ್ತಾರಲ್ಲ ಹಾಗೆ. ನಮ್ಮೂರಿನಲ್ಲೂ ಕೆರೆ ಏರಿ ಮೇಲೆ ನಿಂತು ಆ ದಡದವರನ್ನು “ಓಯ್” ಅಂತಲೇ ಕರೆಯುತ್ತಿದ್ದರು. ಅಲ್ಲಿಂದ “ಯಾರದೂ?” ಅಂತ ಬರುತ್ತಿತ್ತು. ಇವರು ಗಂಟಲು ಹರಿಯುವ ಹಾಗೆ ಕೂಗಿ ಕೊಡುತ್ತಿದ್ದ ಉತ್ತರ, “ನಾನು ಕಣೋ!” ಅಲ್ಲಿಗೆ ನನ್ನ ದುಡ್ಡಿನ ವಾದ ಬಿದ್ದುಹೋಯಿತು, ಕೂಗುವುದಕ್ಕೆ ಆಗಲೂ ಯಾರೂ ಬಿಲ್ ಕೊಡುತ್ತಿರಲಿಲ್ಲ ನೋಡಿ.

ಹತ್ತು ದಿನ ಆಗಿರಬೇಕು. ಅದೇ ನಂಬರು, ಅದೇ ಒಗ್ಗರಣೆ ಹೊತ್ತು. ಈ ಸಲ ನಾನು ತಯಾರಾಗಿದ್ದೆ. ಅವರಿಗೆ ಮಾತಾಡಲು ಬಿಡಬಾರದು, ಮೊದಲು ನಾವೇ ಶುರುಮಾಡಿಬಿಡಬೇಕು.

“ಕ್ಷಮಿಸ್ಬೇಕು, ಗೃಹಪ್ರವೇಶಕ್ಕೆ ಬರೋಕಾಗ್ಲಿಲ್ಲ. ಇವ್ರಿಗೆ ಜ್ವರ ಬಂದ್ಬಿಡ್ತು.”

“ಹೌದಾ? ನಾನೂ ಅದೇ ಯಾಕ್ ಬರ್ಲಿಲ್ಲ ಅಂದ್ಕೊಂಡೆ. ಆಮೇಲೆ ಆ ಕಾಯಿ ವಿಷ್ಯ...”

“ಅಯ್ಯೋ, ಬಂತು ಬಂತು! ತುಂಬಾ ಚೆನ್ನಾಗಿದೆ. ನಿನ್ನೆ ತಾನೇ ಒಂದು ಒಡೆದು ಚಟ್ನಿ ಮಾಡ್ದೆ. ಎಷ್ಟ್ ರುಚಿ ಅಂತೀರ!”

ಆ ಕಡೆ ಸದ್ದಿಲ್ಲ. ಕೆಮ್ಮು ಕೂಡ ಇಲ್ಲ.

“ನಾನಿನ್ನೂ ಕಳಿಸೇ ಇಲ್ವಲ್ಲಮ್ಮಾ,” ಅಂದರು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, ಇಷ್ಟು ದಿನ ನಾನು ಕೇಳಬೇಕಾಗಿದ್ದನ್ನು ಅವರೇ ಕೇಳಿದರು. “ಅಂದ್ಹಾಗೆ, ಯಾರಮ್ಮಾ ಮಾತಾಡ್ತಿರೋದು?”

ಒಲೆ ಮೇಲೆ ಸಾಸಿವೆ ಸಿಡಿಯುತ್ತಿತ್ತು. ಬಾಯಿ ತಾನಾಗಿಯೇ ತೆರೆದುಕೊಂಡಿತು.

“ನಾನು,” ಅಂದೆ.

“ಯಾರಂತೇ?” ಅಂದರು ಅತ್ತೆ, ಹಾಲ್‌ನಿಂದ.